ಒಂದು ರೀಲು, ಎಂಟು ಚಿತ್ರ

ನಾನು ಚಿಕ್ಕವನಿದ್ದಾಗ ಒಂದು ರೀಲಿಗೆ ಎಂಟೇ ಚಿತ್ರ. ಎಂಟು ಮುಗಿದರೆ ಮುಗಿಯಿತು, ಒಂಬತ್ತನೆಯದು ಬೇಕೆಂದು ಗೋಗರೆದರೂ ಕ್ಯಾಮೆರಾ ಕೊಡುತ್ತಿರಲಿಲ್ಲ. ನಮ್ಮ ಮನೆ ಆಗ ಜಯನಗರದ ಅಂಚಿನಲ್ಲಿತ್ತು. ಬಡಾವಣೆ ಇನ್ನೂ ಹೊಸದು, ಅಗಲವಾದ ರಸ್ತೆಗಳು, ಅಲ್ಲೊಂದು ಇಲ್ಲೊಂದು ಮನೆ. ಅಮ್ಮನ ತಮ್ಮ, ಅಂದರೆ ನಮ್ಮ ಮಾವ, ಒಂದು ಫೋಟೊ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು.

ಆ ಸ್ಟುಡಿಯೋದ ಹಿಂದೆ ಕಪ್ಪು ಪರದೆ ಹಾಕಿದ ಒಂದು ಕತ್ತಲೆ ಕೋಣೆ. ಅಲ್ಲಿ ಖಾಲಿ ಕಾಗದವನ್ನು ಮದ್ದಿನ ನೀರಿನಲ್ಲಿ ಅದ್ದಿದರೆ ಅದರೊಳಗಿಂದ ಮನುಷ್ಯರು ಎದ್ದು ಬರುತ್ತಾರಂತೆ. ಅದನ್ನು ನೋಡಲೇಬೇಕೆಂದು ನಾನು ಮಾವನ ತಲೆ ತಿನ್ನುತ್ತಿದ್ದೆ. ಕೊನೆಗೆ ಅವರು ಒಂದು ಡಬ್ಬಿ ಕ್ಯಾಮೆರಾ ತಂದು ಕೊಟ್ಟರು. ಜೊತೆಗೆ ಲಕೋಟೆಯ ಹಿಂದೆ ಪೆನ್ಸಿಲಿನಲ್ಲಿ ಎಂಟು ಪಾಠ ಬರೆದಿದ್ದರು. ಬರೀ ನೆರಳು, ನೀರಿನಲ್ಲಿ ಕಾಣುವ ಪ್ರತಿಬಿಂಬ, ಚಲಿಸುವ ವಸ್ತು, ಹೀಗೆ ಒಂದೊಂದಕ್ಕೆ ಒಂದೊಂದು ಚಿತ್ರ. ಎಂಟಕ್ಕೆ ಎಂಟೂ ಸರಿ ಬಂದರೆ ಮಾತ್ರ ಕತ್ತಲೆ ಕೋಣೆಯ ಪರದೆ ನನಗಾಗಿ ಸರಿಯುತ್ತದೆ. ಭಾನುವಾರ ಸಂಜೆಯೊಳಗೆ ಕ್ಯಾಮೆರಾ ವಾಪಸು.

ಭಾನುವಾರ ಬೆಳಗ್ಗೆ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಲಕೋಟೆ ಹಿಡಿದ ಅಕ್ಕ ದೊಡ್ಡ ಮೇಷ್ಟರ ಹಾಗೆ ಮುಂದೆ ನಡೆದಳು. ಮೊದಲು ಅವಳದೇ ನೆರಳು ತೆಗೆದೆ. ಎಳೆ ಬಿಸಿಲಿನಲ್ಲಿ ಅವಳ ಎರಡು ಜಡೆ ರಸ್ತೆಯ ಈ ಕಡೆಯಿಂದ ಆ ಕಡೆಗೆ ಚಾಚಿದ್ದವು. ಚಲಿಸುವ ವಸ್ತು ಅಡ್ಡ ಹಾಯ್ದರೆ ಮಸುಕಾಗುತ್ತದೆ, ಎದುರಿಗೆ ಬಂದರೆ ಚೆನ್ನ ಎಂದು ಮಾವ ಹೇಳಿದ್ದರು. ಅದಕ್ಕಾಗಿ ಅಪ್ಪ ಸೈಕಲ್ಲಿನಲ್ಲಿ ಅದೇ ಇಳಿಜಾರನ್ನು ಐದು ಸಲ ಇಳಿದರು. ಐದನೆಯ ಸಲ ಅವರ ಮುಖ ಕೆಂಪಾಗಿತ್ತು, ನಾನು ಆಗಷ್ಟೇ ಗುಂಡಿ ಒತ್ತಿದೆ. ಅಪ್ಪ ಏನೂ ಬೈಯಲಿಲ್ಲ, ನೀರು ಕೇಳಿದರು.

ಡಬ್ಬಿಯ ಹಿಂದೆ ಒಂದು ಕೆಂಪು ಕಿಂಡಿ. ತಿರುಪು ತಿರುಗಿಸಿದರೆ ಅದರಲ್ಲಿ ಮುಂದಿನ ಅಂಕಿ ಮೆಲ್ಲಗೆ ಬಂದು ನಿಲ್ಲುತ್ತಿತ್ತು. ಆಗಿನ್ನೂ ಪಕ್ಕದ ಹಳ್ಳಿಯಾಗಿದ್ದ ಸಾರಕ್ಕಿಯ ಕೆರೆಯಲ್ಲಿ ತಲೆಕೆಳಗಾದ ಮರಗಳು, ಹುಲ್ಲಿನ ಆಸೆಗೆ ಅರೆಗಳಿಗೆ ನಿಂತ ಕರು, ಕನಕಪುರ ರಸ್ತೆಯ ಉದ್ದಕ್ಕೂ ಸಾಲು ಕಂಬಗಳು. ಮಧ್ಯಾಹ್ನದ ಬಿಸಿಲು ಬಾಗುವಷ್ಟರಲ್ಲಿ ಏಳು ಮುಗಿದು ಕಿಂಡಿಯಲ್ಲಿ ಎಂಟು ಬಂದಿತ್ತು. ಉಳಿದದ್ದು ಒಂದೇ ಪಾಠ: ಕೆಲಸದಲ್ಲಿ ಮುಳುಗಿದ ಮನುಷ್ಯ.

ಸಾರಕ್ಕಿಯ ಒಂದು ಕಣದಲ್ಲಿ ಒಬ್ಬ ತಾತ ರಾಗಿ ತೂರುತ್ತಿದ್ದರು. ಎತ್ತಿ ಹಿಡಿದ ಮೊರದಿಂದ ರಾಗಿ ಸುರಿಯುತ್ತಿತ್ತು, ಕೆರೆಯ ಗಾಳಿಗೆ ಹೊಟ್ಟು ಹಾರಿ ಬಿಸಿಲಿನಲ್ಲಿ ಚಿನ್ನದ ಪುಡಿಯಂತೆ ಮಿನುಗುತ್ತಿತ್ತು. ನಾನು ಕುಣಿಯುವುದೊಂದು ಬಾಕಿ. ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಉಸಿರು ಬಿಗಿಹಿಡಿದೆ. ಅಷ್ಟರಲ್ಲಿ ತಾತ ನನ್ನನ್ನು ನೋಡಿಬಿಟ್ಟರು.

"ಪಟ ಹಿಡೀತೀಯಾ ಮಗಾ? ತಡಿ, ಬಂದೆ."

ಮೊರ ಕೆಳಗಿಟ್ಟು ಮನೆಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಮುಖ ತೊಳೆದು, ಹಣೆಗೆ ವಿಭೂತಿ ಬಳಿದು, ಅಂಚಿನ ಪೇಟ ಸುತ್ತಿ, ಪಂಚೆಯ ಮೇಲೆ ಕರಿ ಕೋಟು ತೊಟ್ಟಿದ್ದರು. ಕಾಲಿಗೆ ಚಪ್ಪಲಿ ಇರಲಿಲ್ಲ. ಕೈಗಳನ್ನು ನೆಟ್ಟಗೆ ಇಳಿಬಿಟ್ಟು, ಕಣ್ಣು ಮಿಟುಕಿಸದೆ ನಿಂತರು. ಆಗೆಲ್ಲ ಹಾಗೇ, ಫೋಟೊ ಅಂದರೆ ಹಬ್ಬದ ಬಟ್ಟೆ, ಬಿಗಿದ ಮುಖ. ಇದುವರೆಗೂ ಯಾರೂ ತಮ್ಮ ಪಟ ಹಿಡಿದಿಲ್ಲ ಎಂದರು.

ನನಗೆ ಅಳು ಬರುವಂತಾಯಿತು. ಇದರಲ್ಲಿ ಕೆಲಸವೆಲ್ಲಿ? ಇದ್ದದ್ದೊಂದು ಚಿತ್ರ, ಅದನ್ನು ಇದಕ್ಕೆ ಕೊಟ್ಟರೆ ಕತ್ತಲೆ ಕೋಣೆ ಕೈತಪ್ಪುತ್ತದೆ. ನನ್ನ ಬುದ್ಧಿ ನೋಡಿ ಮಕ್ಕಳೇ, ಗುಂಡಿ ಒತ್ತಿದ ಹಾಗೆ ಮಾಡಿ ನಾಲಿಗೆಯಲ್ಲಿ 'ಟಕ್' ಎಂದೆ. ತಾತನಿಗೆ ಖುಷಿಯೋ ಖುಷಿ. ಮುಂದಿನ ಭಾನುವಾರ ಪಟ ತಂದುಕೊಡುತ್ತೇನೆ ಎಂದು ಬೇರೆ ಹೇಳಿದೆ. ಅವರು ಬೇಯಿಸಿದ ಅವರೆಕಾಯಿ ತಂದು ಇಬ್ಬರಿಗೂ ಬೊಗಸೆ ತುಂಬ ಕೊಟ್ಟರು.

ಸ್ವಲ್ಪ ದೂರ ನಡೆದ ಮೇಲೆ ಅಕ್ಕ ನಿಂತಳು. ಅವಳು ಒಂದು ಕಾಯಿಯನ್ನೂ ಸುಲಿದಿರಲಿಲ್ಲ.

"ಅದು ಕ್ಯಾಮೆರಾ ಸದ್ದಲ್ಲ ಕಣೋ, ನಿನ್ನ ನಾಲಿಗೇದು. ಅವ್ರು ಕೋಟು ಹಾಕ್ಕೊಂಡು ಬಂದ್ರು."

ಇಷ್ಟು ಹೇಳಿ ತನ್ನ ಪಾಲಿನ ಅವರೆಕಾಯಿಯನ್ನೂ ನನ್ನ ಜೇಬಿಗೆ ಸುರಿದಳು. ನಾನು ಏನೇನೋ ವಾದ ಮಾಡಿದೆ. ಅವಳು ಕಣದ ಕಡೆಗೆ ಮುಖ ಮಾಡಿ ನಿಂತಳು. ಜೇಬು ಬೆಚ್ಚಗಿತ್ತು, ನನಗೆ ನಾಚಿಕೆಯಾಗುತ್ತಿತ್ತು. ಕೊನೆಗೆ ಹಿಂದಿರುಗಿದೆ.

ತಾತ ಕೋಟನ್ನು ಗಾಡಿಯ ನೊಗಕ್ಕೆ ತಗುಲಿಹಾಕಿ ಮತ್ತೆ ತೂರುತ್ತಿದ್ದರು. ನಮ್ಮನ್ನು ನೋಡಿರಲಿಲ್ಲ. ಕ್ಯಾಮೆರಾದ ಪುಟ್ಟ ಗಾಜಿನಲ್ಲಿ ಇಣುಕಿದರೆ ಮೊರ, ಕೈ, ಹೊನ್ನಿನ ಧೂಳು, ಎಲ್ಲವೂ ಮಾವ ಕೇಳಿದ ಹಾಗೆಯೇ ಇತ್ತು. ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಎಂಟಕ್ಕೆ ಎಂಟು, ತಾತನಿಗೂ ಒಂದು ಪಟ. ಆದರೆ ಅದು ಅವರು ಕೇಳಿದ ಪಟವಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. ಬೆರಳು ತೆಗೆದು "ತಾತಾ" ಎಂದು ಕೂಗಿದೆ. ಮೊದಲ ಸಲ ಸರಿ ಬಂದಿಲ್ಲ, ಇನ್ನೊಂದು ಸಲ ನಿಲ್ಲಿ ಎಂದೆ. ಅವರು ಬೇಸರವಿಲ್ಲದೆ ಮತ್ತೆ ಮುಖ ತೊಳೆದು, ಮತ್ತೆ ಕೋಟು ತೊಟ್ಟು, ಮತ್ತೆ ಕೋಲಿನಂತೆ ನಿಂತರು. ಈ ಸಲ ಗುಂಡಿಯನ್ನೇ ಒತ್ತಿದೆ.

ಮರುದಿನ ಶಾಲೆ ಬಿಟ್ಟ ಮೇಲೆ ಸ್ಟುಡಿಯೋಗೆ ಓಡಿದೆ. ಮಾವ ರೀಲನ್ನು ತೊಳೆದು ಒಣಗಿಸಿದ್ದರು. ಬೆಳಕಿಗೆ ಹಿಡಿದು ಒಂದೊಂದನ್ನೇ ನೋಡುತ್ತ ಏಳರವರೆಗೂ ತಲೆಯಾಡಿಸಿದರು. ಎಂಟಕ್ಕೆ ಬಂದಾಗ ಹುಬ್ಬೇರಿಸಿದರು. ನಾನು ನಾಲಿಗೆಯ ಸದ್ದಿನ ಸಮೇತ ನಡೆದದ್ದನ್ನೆಲ್ಲ ಹೇಳಿದೆ. ಮಾವ ನಗಲಿಲ್ಲ.

"ಎಂಟಕ್ಕೆ ಎಂಟು ಅಂದಿದ್ದೆ. ಬಂದಿರೋದು ಏಳು. ಪಂದ್ಯ ಸೋತೆ ನೀನು."

ನನ್ನ ಕಣ್ಣು ತುಂಬಿ ಬಂತು. ಬಾಗಿಲ ಕಡೆ ತಿರುಗಿದೆ.

"ಎಲ್ಲಿ ಹೊರಟೆ? ಅವರಿಗೆ ಪಟ ಕೊಡ್ತೀನಿ ಅಂತ ಮಾತು ಕೊಟ್ಟೋನು ನೀನು. ಅದನ್ನ ನಾನ್ಯಾಕೆ ಮಾಡ್ಲಿ? ಬಾ ಒಳಗೆ."

ಒಳಗೆ ಒಂದು ಕೆಂಪು ದೀಪ, ಮೂಗಿಗೆ ಹುಳಿ ಹುಳಿ ವಾಸನೆ. ಮಾವ ಹೇಳಿಕೊಟ್ಟ ಹಾಗೆ ಕಾಗದವನ್ನು ತಟ್ಟೆಯ ಮದ್ದಿನಲ್ಲಿ ಮುಳುಗಿಸಿ ಮೆಲ್ಲಗೆ ಅಲುಗಾಡಿಸಿದೆ. ಮೊದಲು ಏನೂ ಇಲ್ಲ. ಆಮೇಲೆ ಕರಿ ಕೋಟು ಬಂತು. ಗುಂಡಿಗಳು ಬಂದವು. ಪೇಟದ ಅಂಚು, ಮೀಸೆ, ಕೊನೆಯಲ್ಲಿ ಮಿಟುಕಿಸದ ಎರಡು ಕಣ್ಣು. ನಾನು ಹೋ ಎಂದು ಕಿರುಚಿದೆ, ಮಾವ ಈಗ ನಕ್ಕರು. ನನ್ನ ಜೀವಮಾನದಲ್ಲಿ ಅಂಥ ಸಂಭ್ರಮ ಮತ್ತೆ ಎಷ್ಟು ಸಲ ಬಂತು ಎಂಬುದನ್ನು ಬೆರಳಲ್ಲಿ ಎಣಿಸಬಹುದು.

ಭಾನುವಾರ ತಾತ ಪಂಚೆಗೆ ಕೈ ಒರೆಸಿಕೊಂಡು ಪಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು.

"ಕೋಟು ಚೆನ್ನಾಗಿ ಬಂದೈತೆ," ಎಂದರು. ಆಮೇಲೆ ಮನೆಯವರನ್ನೆಲ್ಲ ಕೂಗಿ ಕರೆದರು.

ಈಗ ಸಾರಕ್ಕಿಯಲ್ಲಿ ಸಿಗ್ನಲ್ ಬಿದ್ದಾಗ ನೀವು ಕಾರಿನಲ್ಲಿ ಗೊಣಗುತ್ತೀರಲ್ಲ, ಆ ಕಣ ಅಲ್ಲೇ ಎಲ್ಲೋ ಇತ್ತು. ನಾನು ಕನ್ನಡಕ ಹುಡುಕುವಷ್ಟರಲ್ಲಿ ನಿಮ್ಮ ಫೋನಿನಲ್ಲಿ ಇಪ್ಪತ್ತು ಚಿತ್ರ ತೆಗೆದು ಹತ್ತೊಂಬತ್ತನ್ನು ಅಳಿಸಿರುತ್ತೀರಿ. ನನಗೆ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ. ಮೊನ್ನೆ ನಾನು ಬಾಯಿ ತೆರೆದು ತೂಕಡಿಸುವುದನ್ನು ತೆಗೆದು ಎಲ್ಲರಿಗೂ ಕಳಿಸಿ ನಕ್ಕಿರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ಒಮ್ಮೆ ಮುಂಚೆಯೇ ಹೇಳಿ ತೆಗೆಯಿರಿ. ನಾನು ಎದ್ದು, ಶೇವ್ ಮಾಡಿಕೊಂಡು, ತಲೆ ಬಾಚಿಕೊಂಡು ಬರುತ್ತೇನೆ. ಸ್ವಲ್ಪ ತಡವಾಗುತ್ತದೆ, ನೀವು ಕಾಯಬೇಕು.