ಒಂದು ಡಬ್ಬಿ ಹಳದಿ ಬಣ್ಣದ ಇತಿಹಾಸ

ಪೇಂಟರಣ್ಣನ ಬದುಕಿನಲ್ಲಿ ಹೆಮ್ಮೆಪಡುವಂಥದ್ದು ಒಂದೇ ಇತ್ತು, ಅದೂ ಸುಳ್ಳು. ನಲವತ್ತು ವರ್ಷದ ಕಸುಬಿನಲ್ಲಿ ಆತ ಒಂದು ಹನಿ ಬಣ್ಣವನ್ನೂ ನೆಲಕ್ಕೆ ಚೆಲ್ಲಿದವನಲ್ಲ ಎಂದು ಬೀದಿಗೆ ಬೀದಿಯೇ ಹೇಳುತ್ತಿತ್ತು. ಬಿಳಿ ಅಂಗಿ ತೊಟ್ಟು ಏಣಿ ಹತ್ತುತ್ತಿದ್ದ, ಬಿಳಿ ಅಂಗಿಯಲ್ಲೇ ಇಳಿಯುತ್ತಿದ್ದ. ಹೊಸಬರು ಯಾರಾದರೂ "ನೆಲಕ್ಕೆ ಪೇಪರ್ ಹಾಸ್ಬೇಕಾ?" ಎಂದು ಕೇಳಿದರೆ ಅವನಿಗೆ ಮುಖಕ್ಕೆ ಹೊಡೆದಂತಾಗುತ್ತಿತ್ತು.

ಅವನು ಚೆಲ್ಲಿದ್ದು ಒಂದೇ ಸಲ. ಆದರೆ ಹನಿಯಲ್ಲ, ಇಡೀ ಡಬ್ಬಿ. ಮೂವತ್ತು ವರ್ಷದ ಹಿಂದೆ, ತಾನೇ ಬಾಡಿಗೆಗಿದ್ದ ಕಟ್ಟಡಕ್ಕೆ ಬಣ್ಣ ಹೊಡೆಯುವಾಗ. ಆ ಕಟ್ಟಡಕ್ಕೆ ಎಡಕ್ಕೊಂದು ಬಲಕ್ಕೊಂದು ಮೆಟ್ಟಿಲು. ಎರಡು ಪಕ್ಕಗಳನ್ನು ಸೇರಿಸುವ ಪ್ಯಾಸೇಜು ಇದ್ದದ್ದು ಮೂರನೇ ಮಹಡಿಯಲ್ಲಿ ಮಾತ್ರ. ಅದರ ಈ ತುದಿಗೆ ಇವನ ಮನೆ, ಆ ತುದಿಗೆ ಅಕ್ಕನ ಮನೆ. ಎಡಪಕ್ಕದ ಬಾಗಿಲು ಕಿಟಕಿಗಳಿಗೆಲ್ಲ ಹಳದಿ ಬಳಿದು ಮುಗಿಸಿ, ಬಲಪಕ್ಕಕ್ಕೆಂದು ಅಕ್ಕನ ಮನೆಯೆದುರು ದೊಡ್ಡ ಡಬ್ಬಿಯ ಮುಚ್ಚಳ ತೆಗೆದು, ಅವಳು ಕೊಟ್ಟ ಕಾಫಿಗೆ ಕೈ ಚಾಚಿದ. ಕಾಲು ಡಬ್ಬಿಗೆ ತಗಲಿತು.

"ಅಕ್ಕಾ, ಹೆಂಗಾದ್ರೂ ಒರೆಸಿಬಿಡೇ!" ಎಂದವನೇ ಓಡಿಹೋಗಿ, ಹಿಂದಿನ ಕೆಲಸದಲ್ಲಿ ಉಳಿದಿದ್ದ ನೀಲಿ ತಂದು ಬಲಪಕ್ಕಕ್ಕೆ ಬಳಿದ. ಮಾಲೀಕ ಕಣ್ಣು ಕಣ್ಣು ಬಿಟ್ಟಾಗ, "ಈಗ ಎಲ್ಲ ಕಡೆ ಇದೇ ಫ್ಯಾಷನ್ನು ಸಾರ್" ಎಂದ. ಸಂಜೆ ನೋಡಿದರೆ ಅಕ್ಕನ ಬಾಗಿಲ ಮುಂದೆ ಉದ್ದನೆಯ ಚಾಪೆ ಬಿದ್ದಿತ್ತು. ಒರೆಸಿದ್ದಾಳೆ ಎಂದುಕೊಂಡು ಸುಮ್ಮನಾದ.

ಬಣ್ಣ ಒಣಗಲು ಎರಡು ದಿನ ಹಿಡಿಯಿತು. ಜನ ಹಳದಿಯವರು, ನೀಲಿಯವರು ಆಗಲು ಎರಡು ತಿಂಗಳೂ ಹಿಡಿಯಲಿಲ್ಲ. ಮೊದಮೊದಲು ಅದು ಬರೀ ಗುರುತು. ಬರುವ ನೆಂಟರಿಗೆ "ಹಳದಿ ಮೆಟ್ಟಿಲು ಹತ್ತಿ" ಎಂದು ಹೇಳುವುದಕ್ಕೆ. ಆಮೇಲೆ ಅದೇ ಸ್ವಭಾವವಾಯಿತು. ನೀಲಿಯವರ ಕೈ ಬಿಗಿಯಂತೆ, ಹಳದಿಯವರ ಬಾಯಿ ದೊಡ್ಡದಂತೆ. ಮಾಲೀಕ ಮನೆಗಳನ್ನು ಇದ್ದವರಿಗೇ ಮಾರಿ ಹೋದ ಮೇಲಂತೂ ಹೇಳೋರು ಕೇಳೋರು ಇಲ್ಲದಂತಾಗಿ, ಎರಡು ಪಕ್ಕಕ್ಕೂ ಒಂದೊಂದು ಸಂಘ ಹುಟ್ಟಿತು.

ಹಳದಿ ಪಕ್ಕದ ಎರಡನೇ ಮಹಡಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ರಾಷ್ಟ್ರೀಯತೆ ಎಲ್ಲಿ ಹುಟ್ಟಿತು, ಅದರಲ್ಲಿ ಎಷ್ಟು ಬಗೆ ಎಂದು ಇಡೀ ಆಯುಷ್ಯ ತೂಕಡಿಸುವ ಹುಡುಗರಿಗೆ ಪಾಠ ಮಾಡಿದವರು. ಈಗ ಎಚ್ಚರವಾಗಿ ಕೂತು ಕೇಳುವ ಜನ ಸಿಕ್ಕಿದರೆ ಬಿಡುತ್ತಾರೆಯೇ?

"ನೋಡಿ, ಒಂದು ಜನ ಅಂದ್ರೆ ಹುಟ್ಟು, ರಕ್ತ, ಮಾತು, ಮಣ್ಣು ಅನ್ನೋದು ಒಂದು ಪಂಥ. ಒಟ್ಟಿಗೆ ಬಾಳ್ತೀವಿ ಅನ್ನೋ ಮನಸ್ಸಿದ್ರೆ ಸಾಕು ಅನ್ನೋದು ಇನ್ನೊಂದು ಪಂಥ" ಎಂದು ಅವರು ಹೇಳಿದ್ದೇ ತಡ, ಹಳದಿಯವರು ಮೊದಲನೆಯದನ್ನು ಹಿಡಿದುಕೊಂಡರು. ಹುಟ್ಟಿನಿಂದ ಹಳದಿಯಾದವನೇ ಹಳದಿ. ನೀಲಿಯವರು ಹಟಕ್ಕೆ ಎರಡನೆಯದನ್ನು ಹಿಡಿದರು. ಯಾರು ಬೇಕಾದರೂ ಪುಸ್ತಕದಲ್ಲಿ ಸಹಿ ಹಾಕಿ ನೀಲಿಯಾಗಬಹುದು. ತಮ್ಮ ಈ ದೊಡ್ಡ ಮನಸ್ಸಿನ ಬಗ್ಗೆ ಅವರಿಗೆ ಎಷ್ಟು ಜಂಬವೆಂದರೆ, ಹತ್ತಿರ ಹೋಗಿ ಸಹಿ ಹಾಕಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ಮೇಷ್ಟ್ರು ಹದಿನಾರು ಪುಟದ ಪುಸ್ತಿಕೆಯನ್ನೂ ಅಚ್ಚು ಹಾಕಿಸಿದರು. ಅದರ ಪ್ರಕಾರ ಹಳದಿಯವರು ಕಟ್ಟಡಕ್ಕಿಂತ ಹಳಬರು.

ಪೇಂಟರಣ್ಣ ಇದನ್ನೆಲ್ಲ ಕೇಳಿ ಒಳಗೊಳಗೇ ನಗುತ್ತಿದ್ದ. ಆದರೂ ಪಕ್ಕದ ಬೀದಿಯ ಗಾರೆಯವನು ಒಮ್ಮೆ "ನಿಮ್ಮ ಹಳದಿ ಒಳ್ಳೆ ಕಾಮಾಲೆ ಬಂದಂಗಿದೆ" ಎಂದಾಗ ಅವನ ಜೊತೆ ಒಂದು ವಾರ ಮಾತು ಬಿಟ್ಟಿದ್ದ. ಯಾಕೆ ಬಿಟ್ಟೆ ಎಂದು ಅವನಿಗೇ ಗೊತ್ತಾಗಲಿಲ್ಲ.

ನಗು ನಿಂತದ್ದು ಗೋಡೆಯ ಮಾತು ಬಂದಾಗ. ಪ್ಯಾಸೇಜಿನಲ್ಲಿ ಯಾರೋ ಸೈಕಲ್ ನಿಲ್ಲಿಸಿದರು, ಯಾರೋ ಅದರ ಚಕ್ರದ ಗಾಳಿ ಬಿಟ್ಟರು, ಮಾತಿಗೆ ಮಾತು ಬೆಳೆಯಿತು. ಅಡ್ಡಗೋಡೆ ಕಟ್ಟುವುದೆಂದು ಎರಡೂ ಸಂಘಗಳು ಒಂದೇ ವಾರ ತೀರ್ಮಾನಿಸಿದವು. ಮೂವತ್ತು ವರ್ಷದಲ್ಲಿ ಅವರು ಒಪ್ಪಿದ್ದು ಅದೊಂದೇ. ಗೋಡೆಗೆ ಈ ಕಡೆ ಹಳದಿ, ಆ ಕಡೆ ನೀಲಿ ಬಳಿಯುವ ಕೆಲಸ ಪೇಂಟರಣ್ಣನಿಗೇ ಎಂದೂ ಗೊತ್ತುಮಾಡಿದರು.

ಅಕ್ಕನಿಗೆ ಎಪ್ಪತ್ತೆರಡು, ಮಂಡಿ ಎರಡೂ ಸತ್ತಿವೆ. ಈಗ ಇಪ್ಪತ್ತು ಹೆಜ್ಜೆ ನಡೆದರೆ ತಮ್ಮನ ಮನೆ. ಗೋಡೆ ಎದ್ದರೆ ಐವತ್ನಾಲ್ಕು ಮೆಟ್ಟಿಲು ಇಳಿದು ಐವತ್ನಾಲ್ಕು ಹತ್ತಬೇಕು. ಇವನ ಎದೆಯೂ ಈಚೆಗೆ ಮೆಟ್ಟಿಲು ಕಂಡರೆ ಹೊಡೆದುಕೊಳ್ಳುತ್ತದೆ. ಹೆಂಡತಿ ಹೋದ ಮೇಲೆ ದಿನಕ್ಕೆರಡು ಸಲ ಅಕ್ಕನ ಕೈಯ ಕಾಫಿ ಕುಡಿದು, ಎರಡು ಸಲ ಬೈಸಿಕೊಂಡೇ ಅವನು ಬದುಕಿದ್ದ. ಅದು ತಪ್ಪುತ್ತದೆಂದು ನೆನೆದು ಅವನಿಗೆ ನಿಜವಾಗಿ ಭಯವಾಯಿತು.

ಭಾನುವಾರ ಬೆಳಿಗ್ಗೆ ಎರಡೂ ಕಡೆಯವರು ಪ್ಯಾಸೇಜಿನಲ್ಲಿ ಸೇರಿದರು. ಅದೇ ಗಾರೆಯವನು ಇಟ್ಟಿಗೆ ಪೇರಿಸಿ, ಗೋಡೆಯ ಗೆರೆ ನೋಡಲು ದಾರ ಹಿಡಿದು ನಿಂತಿದ್ದ. ಪೇಂಟರಣ್ಣ ಬಿಳಿ ಅಂಗಿಯ ಗುಂಡಿ ಹಾಕಿಕೊಂಡು ಮುಂದೆ ಬಂದ.

"ತಪ್ಪು ನಂದು. ಹಳದಿನೂ ಇಲ್ಲ, ನೀಲಿನೂ ಇಲ್ಲ. ಅವತ್ತು ನಾನು ಡಬ್ಬಿ ಒದ್ದೆ. ಬಣ್ಣ ಸಾಲಲಿಲ್ಲ, ಅಷ್ಟೇ."

ನಲವತ್ತು ವರ್ಷದ ಹೆಸರು ಒಂದೇ ಉಸಿರಿಗೆ ಹೋಯಿತು ಎಂದುಕೊಂಡ. ಜನ ಗೊಳ್ಳೆಂದು ನಕ್ಕರು.

"ಒಂದು ಹನಿ ಚೆಲ್ಲದ ಮನುಷ್ಯ ಡಬ್ಬಿ ಚೆಲ್ತಾನಾ? ಅಕ್ಕನಿಗೋಸ್ಕರ ಕಥೆ ಕಟ್ತಿದ್ದೀಯಪ್ಪ" ಎಂದ ನೀಲಿ ಸಂಘದ ಕಾರ್ಯದರ್ಶಿ.

ಮೇಷ್ಟ್ರು ಮಾತ್ರ ನಗಲಿಲ್ಲ. "ಒದ್ದಿರಬಹುದು. ಆದ್ರೆ ಕಾಲು ಯಾಕೆ ತಗಲಿತು? ಬೇರೆಯಾಗೋ ಹಂಬಲ ಜನರಲ್ಲಿ ಮೊದಲೇ ಇತ್ತು. ಇವನ ಕಾಲು ಬರೀ ನೆಪ!"

ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದು ಬಗ್ಗಿ, ನರಳುತ್ತಾ ಚಾಪೆ ಸುತ್ತಿದಳು. ಕೆಳಗೆ ಪ್ಯಾಸೇಜಿನ ನಡುವಿನಿಂದ ಅವಳ ಹೊಸ್ತಿಲವರೆಗೆ ಹಳದಿ ಹರಡಿತ್ತು.

"ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ. ಇವನ ಮಾನ ಮುಚ್ಚೋಕೆ ಒಂಬತ್ತು ಚಾಪೆ ಸವೆಸಿದ್ದೀನಿ ಕಣ್ರೋ. ಸಾಕಾ ಸಾಕ್ಷಿ?"

ಅಕ್ಕನಿಗೆ ಚಾಪೆಯ ಹುಚ್ಚು ಎಂದು ಇಷ್ಟು ವರ್ಷ ಹಾಸ್ಯ ಮಾಡಿದ್ದ ಪೇಂಟರಣ್ಣ ಅವಳ ಕೈಯಿಂದ ಚಾಪೆ ತೆಗೆದುಕೊಂಡು ಕಂಕುಳಿಗೆ ಸಿಕ್ಕಿಸಿಕೊಂಡ. ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ಮುಗಿಯಿತು, ಇನ್ನು ನಾಚಿಕೊಂಡು ಮನೆಗೆ ಹೋಗುತ್ತಾರೆ ಎಂದುಕೊಂಡ ಪೇಂಟರಣ್ಣ.

"ಅಂದ್ರೆ," ಹಿಂದಿನಿಂದ ಒಂದು ದನಿ ಬಂತು, "ನಮ್ಮ ಹಳದಿ ಅಲ್ಲಿವರೆಗೂ ಇತ್ತಾ?"

ಮೇಷ್ಟ್ರು ಕನ್ನಡಕ ಏರಿಸಿದರು. "ಇತ್ತಲ್ಲ! ಕಣ್ಣಿಗೆ ಕಾಣ್ತಿದೆಯಲ್ಲ! ಗೋಡೆ ಆ ಹೊಸ್ತಿಲ ಹತ್ತಿರ ಬರ್ಬೇಕು."

"ಮೂವತ್ತು ವರ್ಷ ನೀಲಿಯವರ ಚಾಪೆ ಕೆಳಗಿದ್ದ ಕಲೆ ನಮ್ದು ರೀ! ಗೋಡೆ ಕಲೆಯಿಂದ ಆಚೆ, ನಿಮ್ಮ ಕಡೆ ಹೋಗ್ಬೇಕು" ಎಂದು ಕಾರ್ಯದರ್ಶಿ ತೋಳೇರಿಸಿದ.

"ದಾರ ಎಲ್ಲಿ ಹಿಡೀಲಿ?" ಎಂದು ಗಾರೆಯವನು ಮೂರು ಸಲ ಕೇಳಿದ. ನಾಲ್ಕನೇ ಸಲ ಕೇಳದೆ ದಾರ ಸುತ್ತಿಕೊಂಡು ಹೊರಟುಹೋದ. ಕಲೆ ಯಾರದೆಂದು ಇತ್ಯರ್ಥವಾಗುವವರೆಗೆ ಯಾರೂ ಒಂದು ಇಟ್ಟಿಗೆಯನ್ನೂ ಇಡಕೂಡದೆಂದು ಎರಡೂ ಕಡೆಯವರು ತೀರ್ಮಾನಿಸಿದರು. ಅದು ಅವರ ಎರಡನೇ ಒಪ್ಪಿಗೆ.

ಇದಾಗಿ ನಾಲ್ಕು ವರ್ಷ. ಸಮಿತಿ ಇನ್ನೂ ಅಳೆಯುತ್ತಿದೆ. ಹಳದಿ ಕಡೆಗೆ ತಮ್ಮ, ನೀಲಿ ಕಡೆಗೆ ಅಕ್ಕ ಪ್ರತಿನಿಧಿಗಳಾಗಿ ಸ್ಥಳದ ಮೇಲೆ ಕಣ್ಣಿಡಲಿ ಎಂದು ಇಬ್ಬರ ಕುರ್ಚಿಯನ್ನೂ ಕಲೆಯ ಮೇಲೆಯೇ ಹಾಕಿಸಿದ್ದಾರೆ. ಕಾಫಿಯೂ ಅಲ್ಲೇ, ಬೈಗುಳವೂ ಅಲ್ಲೇ. ಕಷ್ಟವೆಂದರೆ, ನೋಡಲು ಬರುವವರ ಚಪ್ಪಲಿಗೆ ಸಿಕ್ಕಿ ಹಳದಿ ದಿನೇ ದಿನೇ ಸವೆಯುತ್ತಿದೆ. ಅದು ಪೂರ್ತಿ ಹೋದರೆ ಮತ್ತೆ ಇಟ್ಟಿಗೆ ಬರುತ್ತದೆ.

ಹೀಗಾಗಿ ತಿಂಗಳಿಗೊಮ್ಮೆ, ಮಧ್ಯಾಹ್ನ ಎಲ್ಲರೂ ಉಂಡು ಮಲಗಿರುವಾಗ, ಅಕ್ಕ ಎರಡು ಮೆಟ್ಟಿಲ ಮೇಲೂ ಕಣ್ಣಿಟ್ಟು ಕೂರುತ್ತಾಳೆ. ಪೇಂಟರಣ್ಣ ಬಿಳಿ ಅಂಗಿ ತೊಟ್ಟು, ಸಣ್ಣ ಬ್ರಷ್ ಹಿಡಿದು ಮಂಡಿಯೂರುತ್ತಾನೆ.

"ಆ ಮೂಲೆ ಬಿಟ್ಟಿದ್ದೀಯ ನೋಡೋ" ಎನ್ನುತ್ತಾಳೆ ಅಕ್ಕ.

ಅಂಚು ಹಿಡಿದು ಮೆಲ್ಲಗೆ ಬಳಿಯುತ್ತಾನೆ. ಒಂದು ಹನಿಯೂ ಆಚೆ ಬೀಳುವುದಿಲ್ಲ.