ಕಾಶಿಗೆ ಎತ್ತಿಟ್ಟ ತುತ್ತು

ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆ್ಯಕ್ಷನ್ ಆಗುವುದಕ್ಕೆ ನಾಲ್ಕೈದು ವರ್ಷ ಮೊದಲಿನ ಮಾತು. ನನಗೆ ಆಗಷ್ಟೇ ಎಂಟು ತುಂಬಿತ್ತು. ಅಪ್ಪ ವಾಡಿಯ ಶಾಲೆಯಲ್ಲಿ ಮಾಸ್ತರರು, ಮನೆ ಅಲ್ಲೇ ಹತ್ತಿರದ ರಾವೂರಿನಲ್ಲಿ. ಗೋಡೆ, ನೆಲ, ಮಾಳಿಗೆ ಎಲ್ಲವೂ ಚಪ್ಪಟೆ ಪರಸಿ ಕಲ್ಲಿನವು. ಊರ ಸುತ್ತ ಕಲ್ಲಿನ ಖಣಿಗಳು. ಗಾಳಿ ಬೀಸಿದರೆ ಬಿಳಿ ಧೂಳು ಬಂದು ಅಂಗಳದ ತುಳಸಿಯ ಮೇಲೂ ಕೂರುತ್ತಿತ್ತು. ಈಗ ಕಣ್ಣು ಮುಚ್ಚಿದರೆ ಆ ಮನೆ ನನಗೆ ಯಾವಾಗಲೂ ನಸುಕಿನ ಬೆಳಕಿನಲ್ಲೇ ಕಾಣುತ್ತದೆ.

ನಾನು ಮಲಗುತ್ತಿದ್ದುದು ಅಜ್ಜಿಯ ಕೌದಿಯೊಳಗೆ. ಎಚ್ಚರವಾದಾಗ ಪಕ್ಕ ಬರಿದಾಗಿರುತ್ತಿತ್ತು. ಅಜ್ಜಿ ಸ್ನಾನ ಮಾಡಿ ಮಡಿ ಉಟ್ಟಳೆಂದರೆ ಮುಗಿಯಿತು, ಮಧ್ಯಾಹ್ನದ ಊಟವಾಗುವವರೆಗೆ ಯಾರೂ ಆಕೆಯನ್ನು ಮುಟ್ಟುವಂತಿಲ್ಲ. ತೀರ ಚಿಕ್ಕ ಮಕ್ಕಳು ಅಂಗಿ ಬಿಚ್ಚಿ ಹತ್ತಿರ ಹೋಗಬಹುದಿತ್ತು. ನಾನು ಆ ವಯಸ್ಸು ದಾಟಿದ್ದೆ. ಕಂಬ ಹಿಡಿದು ದೂರ ನಿಂತು ನೋಡುವುದಷ್ಟೇ ನನ್ನ ಪಾಲಿಗೆ.

ಎಲ್ಲರಿಗೂ ಹೀಗೇ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಆದರೆ ಕಾಶಿ ಇತ್ತಲ್ಲ! ಕಾಶಿ ನಮ್ಮ ಬೂದಿ ಬಣ್ಣದ ಗಂಡು ಬೆಕ್ಕು. ಬೆಕ್ಕಿಗೆ ಮೈಲಿಗೆ ಇಲ್ಲ ಎಂಬುದು ನಮ್ಮವರ ಕಟ್ಟಳೆ. ಅದು ಊರೆಲ್ಲ ತಿರುಗಿ, ಯಾರದೋ ಬೂದಿಗುಂಡಿಯಲ್ಲಿ ಹೊರಳಿ ಬಂದು, ನೇರ ಅಜ್ಜಿಯ ಮಡಿಲೇರಿ ಕೂರುತ್ತಿತ್ತು. ಅಜ್ಜಿ ಒಂದು ಕೈಯಲ್ಲಿ ಜಪಮಣಿ ಎಣಿಸುತ್ತ, ಇನ್ನೊಂದರಿಂದ ಅದರ ಬೆನ್ನು ಸವರುತ್ತಿದ್ದಳು. ಕಾಶಿಯ ದೌಲತ್ತು ಒಂದೆರಡಲ್ಲ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಚೌಕ ಸರಿದಂತೆ ತಾನೂ ಸರಿದು ಮಲಗುತ್ತಿತ್ತು. ತಣ್ಣನೆಯ ಹಾಲಿಟ್ಟರೆ ಮುಖ ತಿರುಗಿಸುತ್ತಿತ್ತು. ಆರತಿಯ ಗಂಟೆ ಕೇಳಿದರೆ ಎಲ್ಲಿದ್ದರೂ ಹಾಜರ್. ನೈವೇದ್ಯವಾದ ಮೇಲೆ ಮೊದಲ ತುತ್ತು ಅದಕ್ಕೆ, ಅದು ತಿಂದ ನಂತರವೇ ಅಜ್ಜಿಯ ಊಟ. ಇದು ಶಾಸ್ತ್ರವಲ್ಲ, ಅಜ್ಜಿ ತಾನೇ ಹಾಕಿಕೊಂಡ ನೇಮ.

ಅದೊಂದು ಏಕಾದಶಿ. ಬೆಳಗ್ಗೆ ಅಂಗಳದಲ್ಲಿ ಎಡವಿ ಬಿದ್ದು ಮೊಣಕಾಲು ತರಚಿಹೋಯಿತು. ಅಳುತ್ತ ದೇವರಮನೆಗೆ ಓಡಿದೆ. ಅಜ್ಜಿ ಗಾಬರಿಯಿಂದ ಎರಡೂ ಕೈ ಮುಂದೆ ಚಾಚಿ ಕೂಗಿದಳು:

"ಅಲ್ಲೇ ನಿಂದ್ರು ಇಂದೂ! ಮುಟ್ಟಬ್ಯಾಡ, ನಾ ಮಡೀಲಿದ್ದೀನಿ!"

ಆಕೆಯ ತೊಡೆಯ ಮೇಲೆ ಕಾಶಿ ಅರ್ಧ ಕಣ್ಣು ತೆರೆದು ನನ್ನನ್ನು ನೋಡಿತು. ಮೊಣಕಾಲಿಗಿಂತ ಹೆಚ್ಚು ಉರಿದದ್ದು ಆ ನೋಟ.

ಮಧ್ಯಾಹ್ನ ಶರಣವ್ವ ಬಂದಳು. ಆಕೆಯ ಗಂಡ ಖಣಿಯಿಂದ ಬಂಡಿಯಲ್ಲಿ ಕಲ್ಲು ಸಾಗಿಸುತ್ತಿದ್ದ. ಅಂಗಳದಲ್ಲಿ ಕೂತು ಮಜ್ಜಿಗೆ ಕುಡಿಯುತ್ತ, "ಇಲಿ ಕಾಟ ಭಾಳ ಆಗ್ಯಾದ್ರಿ, ಜ್ವಾಳದ ಚೀಲೆಲ್ಲ ತೂತು ಮಾಡ್ಯಾವ" ಎಂದು ಅಮ್ಮನ ಮುಂದೆ ಗೋಳಾಡಿದಳು. ಆಕೆ ಹೊರಟಾಗ ನಾನು ಕಾಶಿಯನ್ನು ಮುಚ್ಚಳದ ಬುಟ್ಟಿಗೆ ಹಾಕಿ ಹಿಂದೆಯೇ ಓಡಿದೆ. "ಅಜ್ಜಿ ಕೊಡು ಅಂದಾಳ" ಎಂದು ಸುಳ್ಳು ಹೇಳಿ, ಬೀದಿಯಲ್ಲಿ ನಿಂತಿದ್ದ ಅವರ ಬಂಡಿಯ ಮೇಲಿಟ್ಟೆ. ಬಂಡಿ ತಿರುವು ದಾಟುವವರೆಗೂ ಒಳಗಿನಿಂದ ಕೂಗು ಕೇಳುತ್ತಲೇ ಇತ್ತು. ಆಗ ನನಗೆ ಖುಷಿಯೇ ಆಗಿತ್ತು, ಇದ್ದದ್ದು ಹೇಳಬೇಕು.

ಮರುದಿನ ದ್ವಾದಶಿ. ಅಂದು ತಿಥಿ ಇದ್ದದ್ದು ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ, ಅಷ್ಟರೊಳಗೆ ಪಾರಣೆ ಮಾಡಿ ಉಪವಾಸ ಮುರಿಯಬೇಕು. ಅಜ್ಜಿ ಹಿಂದಿನ ದಿನವೆಲ್ಲ ತೊಟ್ಟು ನೀರೂ ಮುಟ್ಟಿರಲಿಲ್ಲ. ಅಮ್ಮ ನಸುಕಿನಲ್ಲೇ ಅನ್ನ, ಅಗಸೆ ಸೊಪ್ಪಿನ ಪಲ್ಯ ಮಾಡಿದ್ದಳು. ಗಂಟೆ ಮೊಳಗಿತು, ನೈವೇದ್ಯವಾಯಿತು. ಅಜ್ಜಿ ತುತ್ತು ಕಲಸಿ ಹಿತ್ತಲ ಬಾಗಿಲಲ್ಲಿ ನಿಂತು ಕರೆದಳು, "ಕಾಶೀ... ಬಾರೋ ಕಾಶೀ..."

ಕಾಶಿ ಬರಲಿಲ್ಲ.

"ಅವ್ವಾ, ದ್ವಾದಶಿ ಹೋಗ್ಲಿಕತ್ತದ. ಕೂಡು" ಎಂದರು ಅಪ್ಪ.

"ಅದಕ್ಕ ಹಾಕದೇ ನಾ ಎಂದಾದ್ರೂ ಉಂಡೀನೇನು? ಬರ್ತದ ತಡಿ."

ಆಕೆ ಎಲೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ತುಟಿ ಒಣಗಿ ಬೆಳ್ಳಗಾಗಿತ್ತು. ಪಾರಣೆ ತಪ್ಪಿದರೆ ಅಜ್ಜಿ ಇನ್ನೂ ಒಂದು ದಿನ ಉಪವಾಸ ಇದ್ದೇಬಿಡುವಳು, ಅಂಥ ಹಟದವಳು. ಸತ್ತೇಹೋಗುತ್ತಾಳೆ ಅನಿಸಿತು ನನಗೆ. ಕಾಶಿಯನ್ನು ತರಲೇಬೇಕಿತ್ತು. ಅಂಗಳದಿಂದ ನುಸುಳಿ ಖಣಿಯ ದಾರಿ ಹಿಡಿದು ಓಡಿದೆ.

ಆ ದಾರಿ ಇಂದಿಗೂ ನನ್ನ ಕನಸಿನಲ್ಲಿ ಬರುತ್ತದೆ. ಮಂಜೋ ಕಲ್ಲಿನ ಧೂಳೋ ತಿಳಿಯದ ಬಿಳುಪು. ನನ್ನ ಕಾಲೇ ನನಗೆ ಕಾಣುತ್ತಿರಲಿಲ್ಲ. ಖಣಿಯ ಹೊಂಡದಲ್ಲಿ ನಿಂತ ನೀರು ಮಾತ್ರ ಎಲ್ಲೋ ತಳದಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಎಲ್ಲೆಲ್ಲೂ ಬೂದಿ ಬಣ್ಣದ ಕಲ್ಲುಗಳು, ಪ್ರತಿಯೊಂದೂ ಕಾಶಿಯೇ ಮುದುರಿ ಕೂತಂತೆ.

ಶರಣವ್ವ ಗುಡಿಸಲ ಮುಂದೆ ಒಲೆ ಹಚ್ಚುತ್ತಿದ್ದಳು. "ಅಯ್ಯ ತಂಗೀ, ಬುಟ್ಟಿ ಮುಚ್ಚಳ ತೆಗದಿದ್ದೇ ತಡ, ನಿನ್ನಿ ಸಂಜಿಗೇ ಓಡಿ ಹೋತಲ್ಲ! ಮನಿಗಿ ಬಂದಿರಬೇಕಂತ ಸುಮ್ಮಾದೆ" ಎಂದಳು. ನಾನು ಅಲ್ಲೇ ಅಳುತ್ತ ಕೂತೆ. ಆಕೆ ಮತ್ತೇನೂ ಕೇಳದೆ, ಎಂಟು ವರ್ಷದವಳನ್ನು ಸಲೀಸಾಗಿ ಸೊಂಟದ ಮೇಲೆ ಹೊತ್ತು ಮನೆಯ ಬಾಗಿಲಿಗೆ ತಂದು ಬಿಟ್ಟಳು.

ಅಜ್ಜಿ ಇನ್ನೂ ಹಿತ್ತಲ ಹೊಸ್ತಿಲಲ್ಲೇ ಕೂತಿದ್ದಳು, ಎಲೆಯಲ್ಲಿ ಆ ತುತ್ತು ಹಾಗೇ ಇತ್ತು. ಅಪ್ಪ ಸೂರ್ಯನನ್ನೇ ನೋಡುತ್ತಿದ್ದರು. ನಾನು ಎರಡು ಮಾರು ದೂರ ನಿಂತು ಎಲ್ಲ ಹೇಳಿಬಿಟ್ಟೆ. ಬುಟ್ಟಿ, ಬಂಡಿ, ಸುಳ್ಳು, ಎಲ್ಲ. ಅಪ್ಪ ಕೈ ಎತ್ತಿದರು.

"ತಡಿಯಪಾ" ಎಂದಳು ಅಜ್ಜಿ. ನನ್ನ ಕಡೆ ತಿರುಗಿ, "ಯಾಕ ಕೊಟ್ಟಿ?"

"ನೀ ಅದಕ್ಕಷ್ಟೇ ಮುಟ್ಟಲಿಕ್ಕೆ ಬಿಡ್ತಿ" ಎಂದು ಬಿಕ್ಕಿದೆ.

ಅಜ್ಜಿ ನನ್ನನ್ನು ನೋಡಿದಳು. ತಲೆಯಿಂದ ಕಾಲಿನವರೆಗೆ ಬಿಳಿ ಧೂಳು, ಸೊಟ್ಟ ಜಡೆ, ಸೋರುವ ಮೂಗು. ಆಮೇಲೆ ತೋಳು ಚಾಚಿದಳು.

"ಬಾ ಇಲ್ಲಿ."

"ಅವ್ವಾ, ಮಡಿ!" ಎಂದರು ಅಪ್ಪ. "ಈಗ ಮತ್ತ ಸ್ನಾನ ಮಾಡ್ಲಿಕ್ಕೆ ಹೊತ್ತೆಲ್ಲಿ ಅದ?"

"ಸ್ನಾನ ಯಾಕ? ಬೆಕ್ಕಿಗಿ ಮೈಲಿಗಿ ಇಲ್ಲ. ಇವತ್ತ ಇದೇ ನನ್ನ ಬೆಕ್ಕು."

ಹೀಗೆಂದು ನನ್ನನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ಕಾಶಿಗೆಂದು ಎತ್ತಿಟ್ಟ ತುತ್ತನ್ನು ನನ್ನ ಬಾಯಿಗಿಟ್ಟಳು. ತಣ್ಣಗಾಗಿದ್ದ ಅನ್ನ, ಕಣ್ಣೀರು ಬೆರೆತು ಉಪ್ಪುಪ್ಪು. ಆಕೆಯ ಅಂಗೈ ನನ್ನ ಬೆನ್ನಿನ ಮೇಲೆ ಮೇಲಿನಿಂದ ಕೆಳಕ್ಕೆ ಸರಿಯಿತು, ಥೇಟ್ ಕಾಶಿಯನ್ನು ಸವರುವ ಹಾಗೆ. ಆಮೇಲೆ ಅಜ್ಜಿ ತೀರ್ಥ ತೆಗೆದುಕೊಂಡು ಪಾರಣೆ ಮಾಡಿದಳು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಾಲ್ಕನೆಯ ದಿನ ಆರತಿಯ ಗಂಟೆಗೆ ಸರಿಯಾಗಿ ಕಾಶಿ ಬಂತು, ಸುಣ್ಣದಲ್ಲಿ ಅದ್ದಿ ತೆಗೆದಂತೆ. ನೇರ ಹೋಗಿ ಅಜ್ಜಿಯ ಮಡಿಲೇರಿತು. ನಾನು ಎಂದಿನಂತೆ ಕಂಬ ಹಿಡಿದು ದೂರ ನಿಂತೆ. ಆದರೆ ಹೊಟ್ಟೆ ಉರಿಯಲಿಲ್ಲ.

ಅಜ್ಜಿ ಮತ್ತೆಂದೂ ಮಡಿಯಲ್ಲಿ ನನ್ನನ್ನು ಮುಟ್ಟಲಿಲ್ಲ, ನಾನೂ ಕೇಳಲಿಲ್ಲ. ಈಗ ನನಗೇ ಅಜ್ಜಿಯ ವಯಸ್ಸು. ನಮ್ಮ ಮನೆಯಲ್ಲಿ ಈಗಲೂ ಬೆಕ್ಕಿದೆ, ತುತ್ತು ಇಟ್ಟು ಕರೆದರೆ ಕೂಡಲೇ ಬರುವುದೂ ಇಲ್ಲ. ಕಾಯುತ್ತ ಕೂತಾಗ ಕೆಲವೊಮ್ಮೆ ಬೆನ್ನಿನ ಮೇಲೆ ಅಜ್ಜಿಯ ಆ ಅಂಗೈ ಸರಿದಂತಾಗುತ್ತದೆ. ಹಿಂದೆ ತಿರುಗಿ ನೋಡುವುದಿಲ್ಲ, ಹಾಗೇ ಕಣ್ಣು ಮುಚ್ಚುತ್ತೇನೆ.