ಎಣಿಸುವ ಗಾಲಿಗೆ ಹಿಡಿದ ಕೆಂಪು

ಕನ್ನಡ ಯಾರಿಗೂ ಬಾರದ ಮಂಜಲ್‌ಪುರದಲ್ಲಿ ನನ್ನ ಅಳಿಯ ಸುಟ್ಟ ಮೋಟರುಗಳಿಗೆ ತಂತಿ ಸುತ್ತಿಕೊಡ್ತಾನೆ. ಅವನ ಮಷೀನು ನನ್ನ ಮಗಳಿಗಿಂತ ಹಳೇದು. ಅದರಲ್ಲಿ ಸುತ್ತು ಎಣಿಸೋ ಒಂದು ಜೊತೆ ಹಲ್ಲಿನ ಗಾಲಿಗಳು ಒಂದಕ್ಕೊಂದು ಕಚ್ಚಿಕೊಂಡು ನಿಂತೇಬಿಟ್ಟವು.

"ತುಕ್ಕು ತಿಂದಿದೆ ಅತ್ತೆ. ಇಂಥದ್ದು ಈಗ ಯಾರೂ ಮಾಡಲ್ಲ. ಮಷೀನು ಗುಜರಿಗೇ," ಅಂದವನು ಊಟಾನೇ ಬಿಟ್ಟ.

ಗಾಲಿಗಳನ್ನು ಸೆರಗಿಗೆ ಕಟ್ಟಿಕೊಂಡು, ಹಳೇ ಬಿಡಿಭಾಗ ಮಾರೋ ಮುದುಕನ ಅಂಗಡಿಗೆ ನಾನೇ ಹೋದೆ.

"ಮಾಡೆಲ್ ನಂಬರ್ ಏನು, ಬಾ?" ಅಂದ. ಈ ಕಡೆ ಅಜ್ಜಿಯರನ್ನ 'ಬಾ' ಅಂತಾನೇ ಕರೀತಾರೆ.

"ಓದೋಕೆ ಬರಲ್ಲಪ್ಪ. ಇಂಥದ್ದೇ ಇನ್ನೊಂದು ಜೊತೆ ಕೊಡು," ಅಂದೆ, ನನ್ನ ಹರುಕು ಹಿಂದಿಯಲ್ಲಿ.

ಅವನು ಸೂಜಿಯಿಂದ ಗಾಲಿಯ ಹಲ್ಲು ಕೆರೆದ, ಮೂಸಿ ನೋಡಿದ. "ತುಕ್ಕಲ್ಲ ಇದು, ಕುಂಕುಮ! ಯಾರು ಮೆತ್ತಿದ್ದು?"

"ನಾನೇ. ವರ್ಷಾ ವರ್ಷಾ ಆಯುಧಪೂಜೆಗೆ, ಗಂಧದಲ್ಲಿ ಕಲಸಿ."

"ಪೂಜೆ ನಾವೂ ಮಾಡ್ತೀವಿ. ಆದರೆ ಕುಂಕುಮ ಇಡೋದು ಹಣೆಗೆ, ಹಲ್ಲಿನ ಸಂದಿಗಲ್ಲ!" ಅಂತ ನಕ್ಕು, ಸೀಮೆಎಣ್ಣೆಯಲ್ಲಿ ಉಜ್ಜಿ ಕೊಟ್ಟ. ಗಾಲಿಗಳು ಗಿರ್ರಂತ ತಿರುಗಿದವು.

"ಹೊಸದು ಎಲ್ಲಿ ಸಿಕ್ತು ಅತ್ತೆ?" ಅಂತ, ಅದೇ ಗಾಲಿಗಳನ್ನ ಮಷೀನಿಗೆ ಹಾಕಿಕೊಂಡ ಅಳಿಯ ಇವತ್ತಿಗೂ ಕೇಳ್ತಾನೆ. ಏನು ಹೇಳಲಿ? ಮಷೀನು ಕೆಟ್ಟಿದ್ದು ನನ್ನ ಪೂಜೆಯಿಂದಲೋ, ಇಷ್ಟು ವರ್ಷ ಬಾಳಿದ್ದು ಪೂಜೆಯಿಂದಲೋ, ನನಗೇ ಇನ್ನೂ ತಿಳಿದಿಲ್ಲ. ಈ ಸಲದ ಪೂಜೆಗೆ ಕುಂಕುಮಾನ ಮಷೀನಿನ ಪಕ್ಕದ ಗೋಡೆಗೆ ಇಟ್ಟೆ.